ಜರಡಿಯಕ್ಕನ ಹದಿನಾಲ್ಕು ಪೊಟ್ಟಣ

ನೆಲಮಾಳಿಗೆಯ ಮೂರನೆಯ ಕೋಣೆಗೆ ಕಾಲಿಟ್ಟವರು ಮೊದಲು ಸೀನುತ್ತಾರೆ, ಆಮೇಲೆ ಮಾತಾಡುತ್ತಾರೆ. ಕಲ್ಲಿನ ಪುಡಿ ಅಲ್ಲಿ ಮೇಜಿನ ಮೇಲೂ ಇರುತ್ತದೆ, ಮೂಗಿನೊಳಗೂ ಇರುತ್ತದೆ. ಇಪ್ಪತ್ತಾರು ವರ್ಷ ಆ ಕೋಣೆಯಲ್ಲಿ ಕೂತು, ಸೀನದೆ, ಗೊಣಗದೆ ಕೆಲಸ ಮಾಡಿದ ಒಂದೇ ಜೀವ ಅಂದರೆ ಜರಡಿಯಕ್ಕ. ಆ ಹೆಸರು ಯಾರಿಟ್ಟರೋ ದೇವರೇ ಬಲ್ಲ. ಹಾಜರಿ ಪುಸ್ತಕದಲ್ಲಿ ಅವಳಿಗೆ ಬೇರೆ ಹೆಸರಿತ್ತು, ಆದರೆ ಅದನ್ನು ಹಿಡಿದು ಕೂಗಿದರೆ ಅವಳೇ ತಿರುಗಿ ನೋಡುತ್ತಿರಲಿಲ್ಲ.

ಅವಳ ಕೆಲಸ ಏನೆಂದು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಅವಳಿಗಾದ ಅನ್ಯಾಯ ಅರ್ಥವಾಗುವುದಿಲ್ಲ. ಎಣ್ಣೆ ಹುಡುಕುವವರು ಭೂಮಿಗೆ ಕಿಲೋಮೀಟರುಗಟ್ಟಲೆ ತೂತು ಕೊರೆಯುತ್ತಾರೆ. ಕೊರೆಯುವಾಗ ಕೆಸರಿನ ಜೊತೆ ಮೇಲೆ ಬರುವ ಕಲ್ಲಿನ ಚೂರುಗಳನ್ನು ಆಳದ ಲೆಕ್ಕ ಬರೆದು ಚೀಲಗಳಲ್ಲಿ ಕಟ್ಟಿ ಈ ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಅದರಲ್ಲಿ ಇವರಿಗೆ ಬೇಕಾದದ್ದು ಶೇಲ್. ಶೇಲ್ ಎಂದರೆ ಬೇರೇನಲ್ಲ, ಕೋಟ್ಯಂತರ ವರ್ಷದ ಹಿಂದೆ ನೀರಿನ ತಳದಲ್ಲಿ ಕೂತ ಕೆಸರು ಗಟ್ಟಿಯಾಗಿ, ಪದರ ಪದರವಾಗಿ ಏಳುವ ಕಲ್ಲು. ಆ ಕೆಸರಿನಲ್ಲಿ ಸತ್ತ ಪಾಚಿ, ಸಣ್ಣಪುಟ್ಟ ಜೀವಿಗಳ ಅಂಶ ಸಾಕಷ್ಟು ಸೇರಿದ್ದು, ಭೂಮಿಯ ಒಳಗಿನ ಶಾಖಕ್ಕೆ ಹದವಾಗಿ ಬೆಂದಿದ್ದರೆ ಅದರಿಂದ ಎಣ್ಣೆ ಹುಟ್ಟುತ್ತದೆ. ವರದಿಗಳಲ್ಲಿ ಅಂಥದ್ದಕ್ಕೆ ಮೂಲಶಿಲೆ ಎಂದು ಬರೆಯುತ್ತಾರೆ. ಜರಡಿಯಕ್ಕನ ಬಾಯಲ್ಲಿ ಅದು ತಾಯಿಕಲ್ಲು. "ಎಣ್ಣೆ ಹೆರೋ ಶಕ್ತಿ ಇದ್ಯೋ ಇಲ್ವೋ ಅಂತ ನೋಡೋದಷ್ಟೇ ನಮ್ಮ ಕೆಲಸ. ಒಂಥರಾ ಸೂಲಗಿತ್ತಿ ಕೆಲಸ ಕಣ್ರೀ" ಎನ್ನುತ್ತಿದ್ದಳು.

ಚೂರುಗಳನ್ನು ತೊಳೆದು, ಒಣಗಿಸಿ, ಕೊರೆಯುವ ಉಪಕರಣದಿಂದ ಉದುರಿದ ಕಬ್ಬಿಣದ ಪುಡಿಯನ್ನು ಅಯಸ್ಕಾಂತದಿಂದ ತೆಗೆದು, ಜರಡಿ ಹಿಡಿದು, ಭೂತಗನ್ನಡಿಯ ಕೆಳಗೆ ಹರವಿಕೊಂಡು ಕೂತರೆ ಅವಳಿಗೆ ಊಟ ತಿಂಡಿಯ ಪರಿವೆ ಇರುತ್ತಿರಲಿಲ್ಲ. ಮೇಲಿನ ಪದರದಿಂದ ಜಾರಿಬಿದ್ದ ಬೇರೆ ಕಲ್ಲು, ಮರದ ಸಿಬಿರು, ಕೆಸರಿಗೆ ಬೆರೆಸಿದ ಹಾಳುಮೂಳು, ಎಲ್ಲವನ್ನೂ ಚಿಮಟದಿಂದ ಎತ್ತಿ ಬದಿಗಿಡುವಳು. ಆದರೆ ಶೇಲಿನ ಚೂರುಗಳಲ್ಲಿ ಮಾತ್ರ ಭೇದ ಮಾಡುವಂತಿಲ್ಲ. ಕಪ್ಪು ಚೂರು, ಬೂದು ಚೂರು ಬಂದ ಪ್ರಮಾಣದಲ್ಲೇ ಹೋಗಬೇಕು. ಕಪ್ಪಗಿರುವುದರಲ್ಲಿ ಇಂಗಾಲ ಜಾಸ್ತಿ. ಅದನ್ನಷ್ಟೇ ಆರಿಸಿದರೆ ಬರಡು ಕಲ್ಲೂ ತಾಯಿಕಲ್ಲಿನ ವೇಷ ಹಾಕಿಬಿಡುತ್ತದೆ. ಹೀಗೆ ಸಿದ್ಧವಾದದ್ದನ್ನು ಮೇಲಿನ ಮಹಡಿಯವರು ಪುಡಿ ಮಾಡಿ, ಆಮ್ಲದಲ್ಲಿ ಸುಣ್ಣದ ಅಂಶ ಕಳೆದು, ಯಂತ್ರದ ಒಲೆಯಲ್ಲಿ ಸುಟ್ಟು, ನೂರಕ್ಕೆ ಎಷ್ಟು ಇಂಗಾಲ ಎಂದು ಅಳೆಯುತ್ತಿದ್ದರು.

ಅವಳ ಅತ್ತೆಗೆ ಇದೆಲ್ಲ ದೊಡ್ಡ ತಮಾಷೆ. ಎಂಬತ್ತು ದಾಟಿದರೂ ನಾಲಿಗೆ ಮೊಂಡಾಗದ ಹೆಂಗಸು. "ನಾನು ಕಾಳಲ್ಲಿ ಕಲ್ಲು ಆರಿಸ್ತೀನಿ, ನನ್ನ ಸೊಸೆ ಕಲ್ಲಲ್ಲಿ ಕಲ್ಲು ಆರಿಸ್ತಾಳೆ. ಅದಕ್ಕೇ ಅವಳಿಗೆ ಸಂಬಳ, ನನಗೆ ಬೈಗುಳ" ಎಂದು ಬಂದವರಿಗೆಲ್ಲ ಹೇಳುವಳು. ಮಗ, ಅಂದರೆ ಜರಡಿಯಕ್ಕನ ಗಂಡ, ತೀರಿಕೊಂಡು ಹನ್ನೊಂದು ವರ್ಷ. ಮಕ್ಕಳಿಲ್ಲ. ಎರಡು ಕೋಣೆಯ ಮನೆಯಲ್ಲಿ ಅತ್ತೆ ಸೊಸೆ ಇಬ್ಬರೇ, ದಿನಕ್ಕೆ ಎರಡು ಸಲ ಜಗಳವಾಡಿಕೊಂಡು ಸುಖವಾಗಿದ್ದರು.

ಜರಡಿಯಕ್ಕನಿಗೆ ಒಂದು ಗುರುತಿತ್ತು. ಸಣ್ಣ ಸೊನ್ನೆ, ನಡುವೆ ಒಂದು ಚುಕ್ಕೆ. ಅವಳ ಕೈಯಿಂದ ಹೋದ ಪ್ರತಿ ಪೊಟ್ಟಣದ ಮೇಲೂ ಚೀಟಿಯ ಮೇಲೂ ಆ ಗುರುತು ಬೀಳುತ್ತಿತ್ತು. ಹಿತ್ತಲ ಕಡೆಯ ಉಗ್ರಾಣದಲ್ಲಿ ಸೂರಿನವರೆಗೆ ಕಬ್ಬಿಣದ ಕಪಾಟುಗಳು, ಅವುಗಳಲ್ಲಿ ಇಪ್ಪತ್ತಾರು ವರ್ಷದ ಪೊಟ್ಟಣಗಳು. ಸೊನ್ನೆ-ಚುಕ್ಕೆ ಇದೆಯೆಂದರೆ ಮೇಲಿನವರು ಮತ್ತೆ ತೂಗುತ್ತಿರಲಿಲ್ಲ, ಮತ್ತೆ ಕೇಳುತ್ತಿರಲಿಲ್ಲ. ಓದಿದ್ದು ಹತ್ತನೆಯ ತರಗತಿ, ಕುಳಿತದ್ದು ನೆಲಮಾಳಿಗೆ. ಅವಳು ಸಂಪಾದಿಸಿದ್ದು ಅಂದರೆ ಆ ಗುರುತಿಗೆ ಇದ್ದ ನಂಬಿಕೆ ಅಷ್ಟೇ. ಹೊರದೇಶದಿಂದ ಬಂದ ಪಂಡಿತನೊಬ್ಬ ಆ ಚುಕ್ಕೆಯನ್ನು ಬೆರಳಲ್ಲಿ ಮುಟ್ಟಿ ತಲೆಯಾಡಿಸಿದ್ದನ್ನು ಅವಳು ಅತ್ತೆಗೆ ಹತ್ತು ಸಲವಾದರೂ ಹೇಳಿದ್ದಾಳೆ.

ಅವಳದು ಎರಡೇ ಕಟ್ಟಳೆ. ಚೀಟಿಯಿಲ್ಲದೆ ಯಾವ ತಟ್ಟೆಯೂ ಕೋಣೆಯ ಹೊಸಿಲು ದಾಟಬಾರದು. ಮತ್ತು ಕೊಡುವುದು ಏನೇ ಇರಲಿ, ಅದರ ಅರ್ಧವನ್ನು ಇಟ್ಟುಕೊಳ್ಳದೆ ಕೊಡಬಾರದು. ಅದಕ್ಕೆಂದೇ ಅವಳ ಮೇಜಿನ ಮೇಲೆ ಒಂದು ತಗಡಿನ ಪಾಲುಪೆಟ್ಟಿಗೆ ಇತ್ತು. ಮೇಲಿನಿಂದ ಸುರಿದರೆ ಒಳಗಿನ ಸಂದುಗಳಲ್ಲಿ ಜಾರಿ ಅರ್ಧ ಎಡಕ್ಕೆ, ಅರ್ಧ ಬಲಕ್ಕೆ ಬೀಳುತ್ತದೆ. ಬಲಗಡೆಯದು ಕೇಳಿದವರಿಗೆ, ಎಡಗಡೆಯದು ಉಗ್ರಾಣಕ್ಕೆ. ನಿರ್ದೇಶಕರೇ ಬಂದು ಕೇಳಿದರೂ ಪೆಟ್ಟಿಗೆ ತಪ್ಪಿಸಿ ಒಂದು ಚಿಟಿಕೆ ಸಿಗುತ್ತಿರಲಿಲ್ಲ.

ಈಗ ಅವನ ವಿಷಯ. ಜರಡಿಯಕ್ಕ ಅವನನ್ನು ತಮ್ಮ ಎಂದೇ ಕರೆದದ್ದು, ನಾನೂ ಸದ್ಯಕ್ಕೆ ಹಾಗೇ ಕರೆಯುತ್ತೇನೆ, ಹೊಟ್ಟೆ ಉರಿದರೂ.

ತಮ್ಮ ಬಂದದ್ದು ಹತ್ತೊಂಬತ್ತು ವರ್ಷದ ಹಿಂದೆ. ಪದವಿಯ ಮೇಲೆ ಪದವಿ ಹೊತ್ತು ಬಂದಿದ್ದ, ಜರಡಿ ಹಿಡಿಯಲು ಬರುತ್ತಿರಲಿಲ್ಲ. ಮೊದಲ ವಾರವೇ ಆಮ್ಲ ಹಾಕಿದ ಪುಡಿಯನ್ನು ಸರಿಯಾಗಿ ತೊಳೆಯದೆ ಯಂತ್ರಕ್ಕೆ ಹಾಕಿ ಅದರ ಒಳಕೊಳವೆಯನ್ನೇ ಆಮ್ಲ ತಿಂದುಹಾಕುವ ಹಾಗೆ ಮಾಡಿಬಿಟ್ಟ. ಯಂತ್ರ ಒಂದು ತಿಂಗಳು ಮಲಗಿತು. ಮುಖ್ಯಸ್ಥರು ಕೆಂಡವಾಗಿ ಇಳಿದುಬಂದಾಗ ಹುಡುಗನ ಮುಖ ಬಿಳಿಚಿಕೊಂಡಿತ್ತು. ಕೆಲಸ ಹೋಗುವುದು ಖಾತ್ರಿ. ಆಗ ಜರಡಿಯಕ್ಕ ಮೇಜಿನಿಂದ ತಲೆ ಎತ್ತದೆ, "ಅವತ್ತು ತೊಳೆದುಕೊಟ್ಟಿದ್ದು ನಾನು ಸಾರ್. ಕೈ ಮರೆಯಿತು" ಎಂದಳು. ಅವಳಿಗೆ ಒಂದು ಎಚ್ಚರಿಕೆಯ ಪತ್ರ ಬಂತು, ಅವನಿಗೆ ಬದುಕು ಬಂತು.

ಅವತ್ತಿನಿಂದ ಅವನು ಅಕ್ಕನ ಸೆರಗು ಬಿಡಲಿಲ್ಲ. ಕಲ್ಲಿನ ಬಣ್ಣ ಒದ್ದೆಯಲ್ಲಿ ನೋಡಬೇಕೋ ಒಣಗಿದಾಗ ನೋಡಬೇಕೋ, ಉಗುರಿನಲ್ಲಿ ಗೀರಿದರೆ ಯಾವುದು ಕಂದು ಗೆರೆ ಕೊಡುತ್ತದೆ, ಕಲ್ಲಿದ್ದಲಿನ ಚೂರನ್ನು ಶೇಲ್ ಎಂದು ತಿಳಿದು ಹೇಗೆ ಮೋಸ ಹೋಗುತ್ತಾರೆ, ಎಲ್ಲ ಅವಳೇ ಕಲಿಸಿದಳು. ಮಧ್ಯಾಹ್ನ ಒಂದಕ್ಕೆ ಸರಿಯಾಗಿ ಬಂದು ಅವಳ ಡಬ್ಬಿಗೆ ಕೈ ಹಾಕುವುದು ರೂಢಿಯಾಗಿ, ಕೊನೆಗೆ ಅತ್ತೆಯೇ ಎರಡು ಡಬ್ಬಿ ಕಟ್ಟತೊಡಗಿದಳು. ಜರಡಿಯಕ್ಕನ ಗಂಡ ಆಸ್ಪತ್ರೆಯಲ್ಲಿದ್ದಾಗ ಮೂರು ದಿನ ಹೊರಗಿನ ಬೆಂಚಿನ ಮೇಲೆ ಕೂತಿದ್ದವನು ತಮ್ಮ. ಅದು ಸುಳ್ಳಲ್ಲ. ಅವನ ಬಗ್ಗೆ ಏನೇ ಹೇಳುವಾಗಲೂ ಅದನ್ನು ಬಿಟ್ಟು ಹೇಳಲು ನನಗೆ ಬಾಯಿ ಬರುವುದಿಲ್ಲ, ಅವಳಿಗಂತೂ ಬರಲೇ ಇಲ್ಲ.

ತಮ್ಮ ಮೆಟ್ಟಿಲು ಹತ್ತಿದ. ಮೊದಲ ಮಹಡಿ, ಎರಡನೆಯ ಮಹಡಿ, ಕೊನೆಗೆ ವಿಭಾಗದ ಮುಖ್ಯಸ್ಥನ ಕುರ್ಚಿ. ಆದರೂ ಒಂದು ಗಂಟೆಗೆ ಕೆಳಗಿಳಿದು ಬರುತ್ತಿದ್ದ. "ಅಕ್ಕ, ಮೇಲೆ ಎಲ್ಲಾ ಬರೀ ಮಾತು. ಕಲ್ಲು ಇರೋದು ಇಲ್ಲೇ" ಎನ್ನುತ್ತಿದ್ದ. ಆ ಮಾತಿಗೆ ಅವಳು ಒಂದು ತುತ್ತು ಹೆಚ್ಚಿಗೆ ಬಡಿಸುತ್ತಿದ್ದಳು.

ಎರಡು ವರ್ಷದ ಹಿಂದೆ ಒಂದು ಹಳೆಯ ಬಾವಿಯ ಹದಿನಾಲ್ಕು ಪೊಟ್ಟಣಗಳು ಬಂದವು. ಒಂದೊಂದರಲ್ಲೂ ಎರಡು ಮುಷ್ಟಿಯಷ್ಟೇ ಚೂರು, ಬಾವಿ ಮುಚ್ಚಿ ಎಷ್ಟೋ ವರ್ಷವಾಗಿದ್ದರಿಂದ ಇನ್ನು ಸಿಗುವ ಹಾಗೂ ಇಲ್ಲ. ಭೂತಗನ್ನಡಿಯ ಕೆಳಗಿಟ್ಟ ತಕ್ಷಣ ಜರಡಿಯಕ್ಕನಿಗೆ ಗೊತ್ತಾಯಿತು: ಬೂದು ಶೇಲ್, ನಡುನಡುವೆ ಅಲ್ಲೊಂದು ಇಲ್ಲೊಂದು ಕಪ್ಪು ಚೂರು. ಬಡಕಲು ಕಲ್ಲು.

ಅವತ್ತು ತಮ್ಮ ಒಂದು ಗಂಟೆಗೆ ಕಾಯದೆ ಬೆಳಿಗ್ಗೆಯೇ ಇಳಿದುಬಂದ.

"ಅಕ್ಕ, ಒಂದು ಉಪಕಾರ ಆಗ್ಬೇಕು. ನಾಳೆ ದೊಡ್ಡವರೆಲ್ಲ ಬರ್ತಿದಾರೆ. ತಾಯಿಕಲ್ಲು ಅಂದ್ರೆ ಹೇಗಿರುತ್ತೆ ಅಂತ ತೋರಿಸೋಕೆ ಒಂದು ತಟ್ಟೆ ಬೇಕು. ಇದರಲ್ಲಿ ಕಪ್ಪಗಿರೋದನ್ನ ಮಾತ್ರ ಆರಿಸಿ ಕೊಡ್ತೀರಾ?"

"ಇದೇ ಯಾಕಪ್ಪ? ಉಗ್ರಾಣದಲ್ಲಿ ಒಳ್ಳೊಳ್ಳೆ ಕಲ್ಲು ಬೇಕಾದಷ್ಟಿದೆ."

"ಅವರು ಮಾತಾಡೋದು ಈ ಬಾವಿ ವಿಷಯಾನೇ ಅಲ್ವಾ. ತೋರಿಸೋಕೆ ಅಷ್ಟೇ ಅಕ್ಕ. ಪರೀಕ್ಷೆ ಆಮೇಲೆ ನಿಧಾನಕ್ಕೆ ಮಾಡೋಣ."

"ಅರ್ಧ ಇಟ್ಕೊಂಡು ಆರಿಸ್ತೀನಿ."

"ಅರ್ಧ ಇಟ್ರೆ ತಟ್ಟೆಯ ತಳ ಕೂಡ ಮುಚ್ಚಲ್ಲ ಅಕ್ಕ. ಕಪ್ಪು ಇರೋದೇ ನಾಲ್ಕು ಚೂರು."

ಅದೂ ನಿಜವೇ. ಮನಸ್ಸಿಲ್ಲದ ಮನಸ್ಸಿನಿಂದ ಅವಳು ಇಡೀ ಪೊಟ್ಟಣಗಳನ್ನು ಹರವಿಕೊಂಡು ಒಂದೊಂದರ ಕಪ್ಪನ್ನೂ ಬೇರೆ ಬೇರೆಯಾಗಿ ಆರಿಸಿದಳು. ಉಳಿದ ಬೂದು ಚೂರುಗಳನ್ನು ಎಸೆಯುವ ಜಾಯಮಾನ ಅವಳದಲ್ಲ. ಅವನ್ನು ಅದೇ ಹದಿನಾಲ್ಕು ಪೊಟ್ಟಣಗಳಿಗೆ ತುಂಬಿ, ತೆಗೆದದ್ದೆಷ್ಟು ಉಳಿದದ್ದೆಷ್ಟು ಎಂದು ಪೊಟ್ಟಣದ ಕಾಗದದ ಮೇಲೇ ತೂಕ ಬರೆದು, ದಾರ ಕಟ್ಟಿ ಉಗ್ರಾಣಕ್ಕೆ ಸೇರಿಸಿದಳು. ಚೀಟಿ ಬರೆಯುವಾಗ ತಮ್ಮ ಪಕ್ಕದಲ್ಲೇ ನಿಂತಿದ್ದ. ಚೀಟಿಯಲ್ಲಿ ಎರಡು ಚೌಕದ ಮನೆಗಳಿರುತ್ತವೆ, 'ಇಡೀ' ಎಂದೊಂದು, 'ಆಯ್ದದ್ದು' ಎಂದೊಂದು. ಅವಳು ಎರಡನೆಯದಕ್ಕೆ ಪೆನ್ನು ಇಡುವಷ್ಟರಲ್ಲಿ ಅವನು ಚೀಟಿ ಎಳೆದುಕೊಂಡ.

"ನೀವು ಗುರುತು ಹಾಕಿಬಿಡಿ ಸಾಕು. ಮಿಕ್ಕಿದ್ದು ನಾನು ಬರ್ಕೋತೀನಿ. ಕಾಫಿ ಆರ್ತಾ ಇದೆ ನೋಡಿ."

ಸೊನ್ನೆ, ಚುಕ್ಕೆ. ಹದಿನಾಲ್ಕು ಸಲ. ಜರಡಿಯಕ್ಕ ತನ್ನ ಆಯುಸ್ಸಿನಲ್ಲಿ ಖಾಲಿ ಮನೆ ಬಿಟ್ಟು ಗುರುತು ಹಾಕಿದ್ದು ಅದೊಂದೇ ದಿನ.

ಆ ತಟ್ಟೆ ಎಲ್ಲಿಗೆ ಹೋಯಿತೆಂದು ಅವಳಿಗೆ ತಿಳಿದದ್ದು ಎರಡು ವರ್ಷದ ಮೇಲೆ, ಒಂದು ಕಂದು ಲಕೋಟೆ ಬಂದಾಗ. ನಿವೃತ್ತಿಗೆ ಎಂಟು ತಿಂಗಳಿತ್ತು. ತನಿಖೆಗೆ ಹಾಜರಾಗಬೇಕೆಂಬ ಪತ್ರ. ಅವಳು ಅದನ್ನು ಎರಡು ಸಲ ಓದಿದಳು. ಆ ಹದಿನಾಲ್ಕರ ಕಪ್ಪು ಚೂರುಗಳು ಮೇಲಿನ ಯಂತ್ರಕ್ಕೆ ಹೋಗಿದ್ದವು. ಸರಾಸರಿ ಇಂಗಾಲ ನೂರಕ್ಕೆ ಮೂರೂ ಮುಕ್ಕಾಲು ಬಂದಿತ್ತು, ಅಂದರೆ ಎದೆ ತಟ್ಟಿ ಹೇಳಬಹುದಾದ ತಾಯಿಕಲ್ಲು. ಆ ವರದಿಯನ್ನು ನಂಬಿ ಪಕ್ಕದಲ್ಲಿ ಹೊಸ ಬಾವಿ ಕೊರೆದರು. ಒಂದು ಹನಿ ಎಣ್ಣೆಯಿಲ್ಲ. ಅದೇ ಶೇಲಿನ ಹೊಸ ತುಂಡನ್ನು ಬೇರೆ ಪ್ರಯೋಗಾಲಯಕ್ಕೆ ಕಳಿಸಿದರೆ ನೂರಕ್ಕೆ ಅರ್ಧ ಚಿಲ್ಲರೆ. ಹಾಗಾದರೆ ಮೂರೂ ಮುಕ್ಕಾಲು ಎಲ್ಲಿಂದ ಬಂತು? ಪತ್ರದ ಜೊತೆ ಚೀಟಿಗಳ ನಕಲಿತ್ತು. 'ಇಡೀ' ಎಂಬ ಮನೆಯಲ್ಲಿ ಒಂದೊಂದು ಸರಿಗುರುತು, ಕೆಳಗೆ ಸೊನ್ನೆ-ಚುಕ್ಕೆ. ಒಂದು ಸರಿಗುರುತಿಗೆ ಇಂಥವರ ಕೈಬರಹ ಅಂತ ಇರುತ್ತದೆಯೇ? ಯಾರು ಎಳೆದರೂ ಒಂದೇ ಗೀಟು. ತಪ್ಪು ನೆಲಮಾಳಿಗೆಯದೆಂದು ಸಾಬೀತಾದರೆ, ಆ ಗುರುತಿರುವ ಎಲ್ಲ ಹಳೆಯ ಮಾದರಿಗಳನ್ನೂ ವಿಶ್ವಾಸಕ್ಕೆ ಅರ್ಹವಲ್ಲವೆಂದು ತೆಗೆದುಹಾಕಲಾಗುವುದು ಎಂದು ಕೊನೆಯ ಸಾಲಿನಲ್ಲಿತ್ತು.

ಇಪ್ಪತ್ತಾರು ವರ್ಷ! ಬೇರೆ ಯಾರಾದರೂ ಆಗಿದ್ದರೆ ಆ ಲಕೋಟೆ ಹಿಡಿದು ನಿರ್ದೇಶಕರ ಬಾಗಿಲಿಗೆ ಹೋಗುತ್ತಿದ್ದರು. ಜರಡಿಯಕ್ಕ ಹೋದದ್ದು ತಮ್ಮನ ಕೋಣೆಗೆ.

ಅವನು ಎದ್ದು ಬಾಗಿಲು ಹಾಕಿದ. ತಾನು ಕೂರುವ ಕುರ್ಚಿಯಲ್ಲೇ ಅವಳನ್ನು ಕೂರಿಸಿದ. ಕಣ್ಣು ಕೆಂಪಾಗಿದ್ದವು, ನಿದ್ದೆಯಿರಲಿಲ್ಲವೇನೋ.

"ನನ್ನಿಂದ ತಪ್ಪಾಯ್ತು ಅಕ್ಕ. ಸಭೆಯಲ್ಲಿ ಆ ಕಲ್ಲು ಚೆನ್ನಾಗಿದೆ ಅಂತ ಮೊದಲೇ ಬಾಯಿಬಿಟ್ಟಿದ್ದೆ. ಕುರ್ಚಿ ಸಿಗೋ ಹೊತ್ತು. ಆಮೇಲೆ ಹಿಂದಕ್ಕೆ ಬರೋಕಾಗ್ಲಿಲ್ಲ."

"ನನ್ನ ಗುರುತು ಹಾಕಿಸ್ಕೊಂಡೆಯಲ್ಲೋ!" ಅವಳು ಚೀಟಿಯ ನಕಲನ್ನು ಅವನ ಮುಂದೆ ಹಿಡಿದಳು. "ನನ್ನ ಕೈಯಿಂದಲೇ ಹಾಕಿಸ್ಕೊಂಡೆಯಲ್ಲೋ ತಮ್ಮ!"

"ನಾನೇ ಹೇಳ್ತೀನಿ ಅಕ್ಕ. ತನಿಖೆಯಲ್ಲಿ ಎಲ್ಲರ ಮುಂದೆ ನಾನೇ ಒಪ್ಕೋತೀನಿ. ನಿಮ್ಮ ಮೇಲೆ ಒಂದು ಮಾತೂ ಬರೋಕೆ ಬಿಡಲ್ಲ." ಅವನು ಅವಳ ಎರಡೂ ಕೈ ಹಿಡಿದುಕೊಂಡ. "ಆದ್ರೆ ಬರೀ ಬಾಯಿಮಾತಿಗೆ ಏನು ಬೆಲೆ? ಆವತ್ತಿನ ಬೂದು ಚೂರು ಉಳಿದಿದ್ಯಾ?"

ಅಯ್ಯೋ, ಅವಳ ಮುಖ ಅರಳಿದ್ದನ್ನು ನೋಡಬೇಕಿತ್ತು. "ಹದಿನಾಲ್ಕೂ ಇದೆ ಕಣೋ! ತೂಕ ಸಮೇತ ಬರೆದಿಟ್ಟಿದ್ದೀನಿ. ಕಪ್ಪಿನ ಲೆಕ್ಕ ನಿಮ್ಮ ವರದೀಲಿದೆ, ಬೂದಿಂದು ಸುಟ್ಟು ನೋಡಿದ್ರೆ ನಿಜವಾದ ಅಂಕೆ ತಾನಾಗೇ ಬರುತ್ತೆ."

"ಅದನ್ನ ನನ್ನ ಕೈಗೆ ಕೊಡಿ ಅಕ್ಕ. ನಾನೇ ಅವರೆದುರು ಮೇಜಿನ ಮೇಲಿಟ್ಟು ಹೇಳ್ತೀನಿ. ನೀವು ತಂದಿಟ್ರೆ ನೀವು ನನ್ನ ಹಿಡಿದುಕೊಟ್ಟ ಹಾಗಾಗುತ್ತೆ. ನಾನೇ ತಂದಿಟ್ರೆ ನಾನು ಒಪ್ಕೊಂಡ ಹಾಗಾಗುತ್ತೆ. ಅಷ್ಟಾದ್ರೂ ಮರ್ಯಾದೆ ಉಳಿಸಿ."

ಎಷ್ಟು ನಾಜೂಕಾಗಿ ಹೇಳಿದ ನೋಡಿ. ಅವಳ ಕರುಳಿಗೇ ಕೈ ಹಾಕಿದ.

ಅವಳು ಉಗ್ರಾಣಕ್ಕೆ ಹೋಗಿ ಹದಿನಾಲ್ಕು ಪೊಟ್ಟಣ ಇಳಿಸಿ, ಧೂಳು ಒರೆಸಿ, ಮೂರನೆಯ ಕೋಣೆಗೆ ತಂದಳು. ಮೊದಲನೆಯದರ ದಾರ ಬಿಚ್ಚಿದಳು. ಕೈ ತಾನಾಗಿ ಪಾಲುಪೆಟ್ಟಿಗೆಯ ಮುಚ್ಚಳ ತೆಗೆದಿತ್ತು. ಸುರಿಯಬೇಕು ಅನ್ನುವಷ್ಟರಲ್ಲಿ ತಡೆದಳು. ಅವನು ತಪ್ಪೊಪ್ಪಿಕೊಳ್ಳಲು ಹೊರಟಿದ್ದಾನೆ, ನಾನು ಅವನ ಬೆನ್ನ ಹಿಂದೆ ಅರ್ಧ ಮುಚ್ಚಿಟ್ಟುಕೊಳ್ಳಬೇಕೆ? ನಾಳೆ ಅವನಿಗೆ ಗೊತ್ತಾದರೆ ಅಕ್ಕ ನನ್ನನ್ನೂ ಕಳ್ಳನ ಹಾಗೆ ಕಂಡಳಲ್ಲ ಎಂದುಕೊಳ್ಳುವುದಿಲ್ಲವೇ? ಆಸ್ಪತ್ರೆಯ ಬೆಂಚು ನೆನಪಾಯಿತು. ಅವಳು ಮುಚ್ಚಳ ಹಾಕಿದಳು, ದಾರ ಬಿಗಿದಳು. ಹದಿನಾಲ್ಕನ್ನೂ ಡಬ್ಬಿ ತರುವ ಚೀಲಕ್ಕೆ ಹಾಕಿ, ಮೇಲೆ ಹೋಗಿ ಅವನ ಕೈಗೆ ಕೊಟ್ಟು ಬಂದಳು. ಚೀಟಿ ಬರೆಯಲಿಲ್ಲ, ಸಹಿ ಕೇಳಲಿಲ್ಲ.

ಸಂಜೆ ಅತ್ತೆ ಕಾಳು ಹರವಿಕೊಂಡು ಕೂತಿದ್ದಳು. ಸೊಸೆ ನಡೆದದ್ದನ್ನೆಲ್ಲ ಹೇಳಿದಳು.

"ಅರ್ಧ ಇಟ್ಕೊಂಡ್ಯಾ?" ಅತ್ತೆ ಕೇಳಿದ್ದು ಅಷ್ಟೇ.

"ಅವನೇನು ಕಳ್ಳನಾ ಅತ್ತೆ? ನಿಮಗೆ ಯಾರ ಮೇಲೂ ನಂಬಿಕೆ ಇಲ್ಲ!" ಜರಡಿಯಕ್ಕ ಸಿಡಿದುಬಿದ್ದಳು.

"ನಾನೆಲ್ಲಿ ಕಳ್ಳ ಅಂದೆ? ನಿರ್ದೇಶಕರಿಗೇ ಸುಮ್ನೆ ಕೊಡಲ್ಲ ಅಂತಿದ್ದವಳು ನೀನು, ಅದಕ್ಕೆ ಕೇಳಿದೆ." ಮುದುಕಿ ಮತ್ತೆ ಕಾಳಿಗೆ ಕೈ ಹಾಕಿದಳು. ಆ ಮಾತು ಜರಡಿಯಕ್ಕನಿಗೆ ಮುಳ್ಳಿನ ಹಾಗೆ ಚುಚ್ಚಿತು.

ತನಿಖೆ ನಡೆದದ್ದು ಮೂರನೆಯ ಮಹಡಿಯ ಉದ್ದ ಮೇಜಿನ ಕೋಣೆಯಲ್ಲಿ. ಹೊರಗಿನಿಂದ ಬಂದ ಮೂವರು ಒಂದು ಕಡೆ, ಅವರ ನಡುವೆ ಕನ್ನಡಕವನ್ನು ಹಣೆಗೇರಿಸಿಕೊಂಡ ಹಿರಿಯರೊಬ್ಬರು. ಈ ಕಡೆ ತಮ್ಮ, ಒಂದು ಕುರ್ಚಿ ಬಿಟ್ಟು ಜರಡಿಯಕ್ಕ. ಅವಳು ಒಗೆದು ಇಸ್ತ್ರಿ ಮಾಡಿದ ಸೀರೆ ಉಟ್ಟಿದ್ದಳು. ತಮ್ಮನ ಕಾಲ ಬಳಿ ಚೀಲವೇನೂ ಕಾಣಲಿಲ್ಲ. ಗಾಡಿಯಲ್ಲಿಟ್ಟಿರಬೇಕು, ಕರೆದಾಗ ತರಿಸುತ್ತಾನೆ ಎಂದುಕೊಂಡಳು.

ಹಿರಿಯರು ಮೊದಲು ತಮ್ಮನನ್ನೇ ಕೇಳಿದರು. ಅವನು ನೀರು ಕುಡಿದು, ಬಹಳ ಮೆಲ್ಲಗೆ ಶುರುಮಾಡಿದ.

"ಮಾದರಿ ಆರಿಸೋದು ಕೆಳಗಿನ ಕೋಣೆ ಕೆಲಸ ಸಾರ್. ಚೀಟಿಯಲ್ಲಿ ಇಡೀ ಅಂತಿತ್ತು. ನಾವು ಅದನ್ನ ನಂಬಿದ್ವಿ. ಅವರು ಬಹಳ ಹಿರಿಯರು, ನಮಗೆಲ್ಲ ಅಕ್ಕನ ಹಾಗೆ. ಈಚೆಗೆ ಕಣ್ಣು ಸ್ವಲ್ಪ... ಕಪ್ಪಗಿರೋದು ಬೇಗ ಕಾಣುತ್ತೆ, ಕೈಗೆ ಅದೇ ಬಂದಿರಬಹುದು. ಬೇಕು ಅಂತ ಮಾಡಿದ್ದಲ್ಲ."

ಜರಡಿಯಕ್ಕನಿಗೆ ಒಂದು ಕ್ಷಣ ಅವನು ಬೇರೆ ಯಾರ ವಿಷಯವನ್ನೋ ಹೇಳುತ್ತಿದ್ದಾನೆ ಅನ್ನಿಸಿತು.

"ಏನಮ್ಮ, ಆರಿಸಿದ್ದು ನೀವೇ ತಾನೇ?" ಹಿರಿಯರು ಕೇಳಿದರು.

"ನಾನೇ ಸಾರ್. ಆದ್ರೆ ಆರಿಸೋಕೆ ಹೇಳಿದ್ದು ಇವರು. ತೋರಿಸೋ ತಟ್ಟೆಗೆ ಅಂತ ಹೇಳಿದ್ರು. ಉಳಿದ ಬೂದು ಚೂರು ಹದಿನಾಲ್ಕು ಪೊಟ್ಟಣದಲ್ಲಿ ಇಟ್ಟಿದ್ದೆ. ಇವರ ಕೈಗೇ ಕೊಟ್ಟಿದ್ದೀನಿ. ಕೇಳಿ ಸಾರ್, ಇಲ್ಲೇ ಇದ್ದಾರೆ." ಅವಳು ತಮ್ಮನ ಕಡೆ ತಿರುಗಿದಳು. "ಕೊಡೋ, ಎಲ್ಲಿದೆ ಚೀಲ?"

ತಮ್ಮ ಮುಖ ಕೊಟ್ಟು ನೋಡಲಿಲ್ಲ. ಮೇಜಿನ ಮೇಲಿದ್ದ ಲೋಟವನ್ನು ಒಂದು ಸುತ್ತು ತಿರುಗಿಸಿದ.

"ಯಾವ ಪೊಟ್ಟಣಾನೂ ನನಗೆ ಬಂದಿಲ್ಲ ಸಾರ್. ಇವರನ್ನ ಹತ್ತೊಂಬತ್ತು ವರ್ಷದಿಂದ ನೋಡಿದ್ದೀನಿ. ಅರ್ಧ ಇಟ್ಟುಕೊಳ್ಳದೆ ಇವರು ಯಾರಿಗೂ ಏನನ್ನೂ ಕೊಡಲ್ಲ. ನನಗೂ ಅದನ್ನೇ ಕಲಿಸಿದ್ದು. ಇಲ್ಲಿ ಯಾರನ್ನ ಬೇಕಾದ್ರೂ ಕೇಳಿ. ಅಂಥ ಪೊಟ್ಟಣ ಇದ್ದಿದ್ರೆ ಅದರ ಅರ್ಧ ಇವರ ಹತ್ರ ಇರಲೇಬೇಕು." ಆಮೇಲೆ ಅವಳ ಕಡೆ ತಿರುಗಿ, ಹಳೆಯ ಅಕ್ಕರೆಯ ದನಿಯಲ್ಲೇ ಕೇಳಿದ: "ಇದ್ಯಾ ಅಕ್ಕ?"

ಹೇಳಿಕೆ ಬರೆದುಕೊಳ್ಳಲು ಕೂತಿದ್ದ ಪ್ರಯೋಗಾಲಯದ ಕಾರಕೂನ ಪೆನ್ನು ಎತ್ತಿ ಹಿಡಿದು ಕಾಯುತ್ತಿದ್ದ. ಅವನಿಗೂ ಆ ಕಟ್ಟಳೆ ಗೊತ್ತಿತ್ತು. ಆ ಕಟ್ಟಡದಲ್ಲಿ ಅದು ಗೊತ್ತಿಲ್ಲದವರು ಯಾರಿದ್ದರು? ಪಾಲುಪೆಟ್ಟಿಗೆಯ ಹೆಸರಿನಲ್ಲಿ ಅವಳನ್ನು ಎಷ್ಟು ಜನ ಗೇಲಿ ಮಾಡಿರಲಿಲ್ಲ!

"ಇಲ್ಲ" ಎಂದಳು ಜರಡಿಯಕ್ಕ.

"ಯಾಕಿಲ್ಲಮ್ಮ?" ಹಿರಿಯರ ದನಿಯಲ್ಲಿ ಕರುಣೆಯೇ ಇತ್ತು. ಅದೇ ಹೆಚ್ಚು ಸುಟ್ಟಿತು.

"ಇವನು ತಮ್ಮ ಅಂತ ಇಟ್ಕೊಳ್ಳಲಿಲ್ಲ ಸಾರ್."

ಕಾರಕೂನ ಅದನ್ನು ಬರೆದುಕೊಳ್ಳಬೇಕೋ ಬೇಡವೋ ತಿಳಿಯದೆ ಹಿರಿಯರ ಮುಖ ನೋಡಿದ. ಅವರು ಬೇಡವೆಂದು ಕೈಯಾಡಿಸಿದರು.

ತೀರ್ಪು ಬರಲು ಹತ್ತು ದಿನವೂ ಹಿಡಿಯಲಿಲ್ಲ. ವಯಸ್ಸು, ಸೇವೆ ನೋಡಿ ಕೆಲಸದಿಂದ ತೆಗೆಯುತ್ತಿಲ್ಲ ಎಂದು ದೊಡ್ಡತನ ಮೆರೆದಿದ್ದರು. ಮೂರನೆಯ ಕೋಣೆಗೆ ಬೇರೆಯವರು ಬಂದರು. ಉಳಿದ ಏಳು ತಿಂಗಳಿಗೆ ಅವಳಿಗೆ ಕೊಟ್ಟ ಕೆಲಸವೇನು ಗೊತ್ತೇ? ಉಗ್ರಾಣದಲ್ಲಿ ಸೊನ್ನೆ-ಚುಕ್ಕೆಯ ಪೊಟ್ಟಣಗಳನ್ನು ಬೇರೆ ಮಾಡಿ, ಒಂದೊಂದಕ್ಕೂ ಕೆಂಪು ಚೀಟಿ ಅಂಟಿಸುವುದು. ಬೇರೆಯವರಿಗೆ ಗುರುತು ಸರಿಯಾಗಿ ತಿಳಿಯುವುದಿಲ್ಲವಂತೆ. ಕೆಂಪು ಚೀಟಿಯ ಮೇಲೆ 'ಬಳಸಬಾರದು' ಎಂದು ಅಚ್ಚಾಗಿತ್ತು. ಏಣಿ ಹತ್ತುವುದು, ಪೊಟ್ಟಣ ಇಳಿಸುವುದು, ಗೋಂದು ಹಚ್ಚುವುದು. ಒಂದೊಂದು ಪೊಟ್ಟಣವೂ ಅವಳಿಗೆ ನೆನಪಿತ್ತು. ಇದು ಗಂಡ ತೀರಿಕೊಂಡು ವಾಪಸು ಬಂದ ಮೇಲೆ ಆರಿಸಿದ ಮೊದಲನೆಯದು, ಇದು ಆ ಪಂಡಿತ ಮುಟ್ಟಿದ್ದು. ಅದರ ಮೇಲೂ ಅಂಟಿಸಿದಳು.

ಒಂದು ಮಧ್ಯಾಹ್ನ ತಮ್ಮ ಉಗ್ರಾಣದ ಬಾಗಿಲಲ್ಲಿ ಬಂದು ನಿಂತ. ಗಡಿಯಾರ ನೋಡಿದರೆ ಒಂದು ಗಂಟೆ.

"ಅಕ್ಕ, ಬೈಯಿರಿ. ಹೊಡೀರಿ ಬೇಕಾದ್ರೆ. ಹೀಗೆ ಸುಮ್ನಿರಬೇಡಿ. ನನಗೆ ಇನ್ನೂ ಹದಿನೈದು ವರ್ಷ ಸರ್ವೀಸ್ ಇದೆ, ಮಕ್ಕಳಿದ್ದಾರೆ. ನಿಮಗೆ ಏಳು ತಿಂಗಳು. ಆ ಲೆಕ್ಕ ಹಾಕಿದೆ, ತಪ್ಪಾಯ್ತು."

ಅವಳು ಏಣಿಯಿಂದ ಇಳಿದಳು. ಕೈಗೆ ಅಂಟಿದ ಗೋಂದನ್ನು ಸೆರಗಿಗೆ ಒರೆಸಿಕೊಂಡಳು.

"ಆ ಹದಿನಾಲ್ಕು ಪೊಟ್ಟಣ ಏನು ಮಾಡಿದ್ರಿ ಸಾರ್?"

'ಸಾರ್' ಎಂಬುದು ಅವನಿಗೆ ತಟ್ಟಿತು. ಹತ್ತೊಂಬತ್ತು ವರ್ಷದಲ್ಲಿ ಅವಳ ಬಾಯಿಂದ ಅವನಿಗೆ ಆ ಮಾತು ಬಂದಿರಲಿಲ್ಲ. ಅವನು ತಲೆ ತಗ್ಗಿಸಿ ಹೇಳಿದ: "ಹಿಂದಿನ ಗೇಟಿನ ಹತ್ರ, ಕಾರು ನಿಲ್ಲಿಸೋ ಜಾಗದಲ್ಲಿ ಒಂದು ಗುಂಡಿ ಇತ್ತಲ್ಲ... ಅದರಲ್ಲಿ ಸುರಿದೆ. ಕಾಗದ ಸುಟ್ಟೆ."

"ಸರಿ ಸಾರ್" ಎಂದು ಅವಳು ಮತ್ತೆ ಏಣಿ ಹತ್ತಿದಳು.

ಕೆಲಸ ಮುಗಿದ ಮೇಲೆ ಹಿಂದಿನ ಗೇಟಿಗೆ ಹೋದಳು. ಗುಂಡಿ ಸಿಕ್ಕಿತು. ಗಾಡಿಗಳ ಚಕ್ರ ಹತ್ತಿ ಹತ್ತಿ ಜಲ್ಲಿ, ಮಣ್ಣು, ಸಿಗರೇಟಿನ ತುಂಡು ಎಲ್ಲ ಒಂದಾಗಿದ್ದವು. ಜರಡಿಯಕ್ಕ ಕುಕ್ಕರುಗಾಲಲ್ಲಿ ಕೂತಳು. ಬೇರೆ ಯಾರಿಗೂ ಕಾಣುತ್ತಿರಲಿಲ್ಲ, ಅವಳಿಗೆ ಕಂಡವು: ಅಲ್ಲೊಂದು, ಇಲ್ಲೊಂದು, ಬೂದು ಚೂರು. ಉಗುರಿನಿಂದ ಒಂದನ್ನು ಎಬ್ಬಿಸಿದಳು. ಇನ್ನೊಂದು. ಅಂಗೈ ತುಂಬುವಷ್ಟು ಆರಿಸಿದ ಮೇಲೆ ಕೈ ನಿಂತಿತು. ಯಾವುದು ಯಾವ ಆಳದ್ದು? ಯಾವ ಪೊಟ್ಟಣದ್ದು? ಚೀಟಿ ತಪ್ಪಿದ ಚೂರನ್ನು ಮಾದರಿ ಎಂದು ಕರೆಯುವಂತಿಲ್ಲ ಎಂದು ಎಲ್ಲರಿಗೂ ಹೇಳಿಕೊಟ್ಟವಳೇ ಅವಳು. ಇದನ್ನು ಯಾರ ಮುಂದೆ ಹಿಡಿಯುವುದು?

"ಏನು ಬಿತ್ತು ಅಕ್ಕ? ಓಲೆನಾ?" ಗೇಟಿನ ಕಾವಲುಗಾರ ಬಗ್ಗಿ ಕೇಳಿದ.

"ಇಲ್ಲಪ್ಪ. ಏನೂ ಇಲ್ಲ" ಎಂದಳು. ಅವನು ಅಕ್ಕ ಎಂದದ್ದಕ್ಕೆ ಕಣ್ಣಲ್ಲಿ ನೀರು ತುಂಬಿತು, ಅವನ ತಪ್ಪೇನೂ ಇರಲಿಲ್ಲ. ಅಂಗೈಯಲ್ಲಿದ್ದದ್ದನ್ನು ಗುಂಡಿಗೇ ಸುರಿದು, ಮಂಡಿ ಹಿಡಿದುಕೊಂಡು ಎದ್ದಳು. ಬಸ್ಸಿನಲ್ಲಿ ಕಿಟಕಿಗೆ ಮುಖ ಮಾಡಿಕೊಂಡು ಅತ್ತಳು. ನಿಲ್ದಾಣ ದಾಟಿಹೋಗಿ, ಒಂದು ನಿಲ್ದಾಣ ಹಿಂದಕ್ಕೆ ನಡೆದುಬಂದಳು.

ಮಾರನೆಯ ಬೆಳಿಗ್ಗೆ ಅಡುಗೆಮನೆಯಲ್ಲಿ ಅತ್ತೆ ಡಬ್ಬಿ ಕಟ್ಟುತ್ತಿದ್ದಳು. ತನಿಖೆಯ ದಿನದಿಂದಲೂ ಎರಡನೆಯ ಡಬ್ಬಿ ತುಂಬಿ ಹೋಗಿ ತುಂಬಿಯೇ ವಾಪಸು ಬರುತ್ತಿತ್ತು. ಜರಡಿಯಕ್ಕ ಬೇಡ ಎಂದಿರಲಿಲ್ಲ, ಅತ್ತೆ 'ಯಾಕೆ' ಎಂದು ಕೇಳಿರಲಿಲ್ಲ. ಒಪ್ಪಿಕೊಳ್ಳುತ್ತಾನೇನೋ, ಇವತ್ತಲ್ಲದಿದ್ದರೆ ನಾಳೆ ಹೋಗಿ ನಿಜ ಹೇಳುತ್ತಾನೇನೋ ಎಂದು ಇಬ್ಬರೂ ಒಳಗೊಳಗೇ ಕಾಯುತ್ತಿದ್ದರೆಂದು ಕಾಣುತ್ತದೆ.

ಜರಡಿಯಕ್ಕ ಎರಡನೆಯ ಡಬ್ಬಿಯ ಮುಚ್ಚಳ ತೆಗೆದು, ಅದರಲ್ಲಿದ್ದದ್ದನ್ನು ಪಾತ್ರೆಗೆ ವಾಪಸು ಸುರಿದಳು. ಡಬ್ಬಿ ತೊಳೆದು, ಒರೆಸಿ, ಅಟ್ಟದ ಮೇಲಿಟ್ಟಳು.

"ಇನ್ಮೇಲೆ ಒಂದು ಸಾಕು ಅತ್ತೆ."

ಅತ್ತೆಗೆ ಹೇಳಲು ಬೇಕಾದಷ್ಟಿತ್ತು. ಅವಳು ಸೊಸೆಯ ಮುಖ ನೋಡಿ, ಆ ಒಂದು ಡಬ್ಬಿಗೇ ಇನ್ನೊಂದು ಸೌಟು ಹಾಕಿ ಮುಚ್ಚಿ ಕೈಗೆ ಕೊಟ್ಟಳು.